ಯಲ್ಲಪ್ಪನವರ ಪುಟ್ಟ ಟಾರ್ಚು

ಯಲ್ಲಪ್ಪನವರ ಅಂಗಿಯ ಎಡಜೇಬು ಯಾವಾಗಲೂ ಒಂದು ಬೆರಳಷ್ಟು ಕೆಳಗೆ ಜೋತಿರುತ್ತಿತ್ತು. ಅದರೊಳಗೆ ಎರಡು ಪೆನ್‌ಸೆಲ್ಲಿನ ಪುಟ್ಟ ಟಾರ್ಚು. ಸಂಜೆ ಸೈರನ್ ಕೂಗಿದ ಕೂಡಲೇ ಮುಚ್ಚಳ ತಿರುಗಿಸಿ ಸೆಲ್ಲುಗಳನ್ನು ತೆಗೆದು, ಕಾಗದದಲ್ಲಿ ಸುತ್ತಿ ಬಲಜೇಬಿಗೆ ಹಾಕಿಕೊಳ್ಳುತ್ತಿದ್ದರು. ಕೈಕಾಲು ತೊಳೆಯುವುದು ಆಮೇಲೆ.

"ಒಳಗೇ ಬಿಟ್ರೆ ನೀರು ಬಿಟ್ಕಂಡು ತಗಡು ತಿಂದಾಕ್ತದೆ ಕಣಪ್ಪ," ಎನ್ನುತ್ತಿದ್ದರು ನನಗೆ.

ಅತ್ತಿಬೆಲೆಯಲ್ಲಿ ನಮ್ಮದು ಕೆಮಿಕಲ್ ಟ್ಯಾಂಕ್ ಮಾಡುವ ಫ್ಯಾಕ್ಟರಿ. ನಾನು ವೆಲ್ಡರ್, ಅವರು ಇನ್‌ಸ್ಪೆಕ್ಟರ್. ಟ್ಯಾಂಕಿನ ಕಿಂಡಿಯಲ್ಲಿ ನುಸುಳಿ, ಒಳಗಿನ ಬೆಸುಗೆಯನ್ನು ಗೇಣು ಗೇಣಾಗಿ ನೋಡಿ ಸೈನ್ ಹಾಕಬೇಕು. ನುಸುಳಲು ಎರಡೂ ಕೈ ಬೇಕಾದ್ದರಿಂದ ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳುತ್ತಿದ್ದರು. ಅಷ್ಟು ಪುಟ್ಟದು ಅದಕ್ಕೇ.

ನಾನು ಸಣ್ಣ ಊರಿನವನು, ಇಪ್ಪತ್ತಾರನೇ ವಯಸ್ಸಿಗೆ ಹೇಗೋ ಎಸ್ಸೆಸ್ಸೆಲ್ಸಿ ಮುಗಿಸಿದವನು. ನಾನು ಹೇಳುತ್ತಿರುವುದು ನನ್ನ ಪ್ರೊಬೇಷನ್ನಿನ ಕೊನೆಯ ಟ್ಯಾಂಕಿನ ಮಾತು. ಯಲ್ಲಪ್ಪನವರು ಸೈನ್ ಹಾಕಿದರೆ ಕೆಲಸ ಖಾಯಂ, ಇಲ್ಲದಿದ್ದರೆ ವಾಪಸ್ ಊರಿಗೆ.

ಆ ವಾರ ಮ್ಯಾನೇಜರ್ ಎಲ್ಲಿಂದಲೋ ಚಾರ್ಜ್ ಮಾಡುವ ಸೆಲ್ ತರಿಸಿದ್ದರು. "ಫಾರಿನ್ ಮಾಲು ಕಣ್ರೀ. ಪದೇ ಪದೇ ಸೆಲ್ ತರೋ ಗೋಳೇ ಇಲ್ಲ."

ಯಲ್ಲಪ್ಪನವರು ಹಾಕಿ ನೋಡಿದರು. ಬೆಳಕು ಚೆನ್ನಾಗಿಯೇ ಇತ್ತು. ಒಳಗೆ ಹೋದರು. ಮುಕ್ಕಾಲು ಭಾಗ ನೋಡಿರಬೇಕು, "ಓಯ್!" ಎಂದು ಟ್ಯಾಂಕೇ ಕೂಗಿದ ಹಾಗಾಯಿತು. ಟಾರ್ಚು ಇದ್ದಕ್ಕಿದ್ದಂತೆ ಆರಿಹೋಗಿತ್ತು. ತಡಕಾಡುತ್ತ ಹೊರಬಂದಾಗ ಮೊಣಕೈ ತರಚಿತ್ತು.

"ಮಾಮೂಲಿ ಸೆಲ್ಲು ಸಾಯೋಕ್ ಮುಂಚೆ ಬೆಳ್ಕು ಅಳದಿ ಮಾಡಿ ಏಳ್ತದೆ ಸಾರ್. ಇದು ಏಳ್ದೆ ಕೇಳ್ದೆ ಓಯ್ತದೆ."

"ಲಾರಿ ಕಾಯ್ತಿದೆ, ಸೈನ್ ಹಾಕ್ರೀ," ಎಂದರು ಮ್ಯಾನೇಜರ್.

"ಇನ್ನೂ ಕಾಲುಭಾಗ ಅದೆ."

"ಅಷ್ಟು ನೋಡಿದೀರಲ್ಲ, ಸಾಕು ಬಿಡ್ರೀ."

ನಾನೂ ಬಾಯಿ ಹಾಕಿದೆ. "ಅಣ್ಣ, ಚೆನ್ನಾಗೇ ಮಾಡಿದೀನಿ. ಹಾಕ್ಬಿಡಿ."

"ನೀನ್ ಮಾಡಿದೀಯ ಕಣಯ್ಯ. ನಾನ್ ನೋಡಿಲ್ವಲ್ಲ."

ಅಂಗಡಿಗೆ ನಡೆದುಹೋಗಿ ಮಾಮೂಲಿ ಸೆಲ್ ತಂದು ಮತ್ತೆ ನುಸುಳಿದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ, "ಬಾಪ್ಪ ಇಲ್ಲಿ."

ಕೊನೆಯ ಗೇಣಿನಲ್ಲಿ ಸಾಸಿವೆಯಷ್ಟು ತೂತು. ನನ್ನ ಕೈಯದೇ. ಕೆಲಸ ಹೋಯಿತು ಎಂದುಕೊಂಡೆ. ಅವರು ಬೈಯಲಿಲ್ಲ. ಅಷ್ಟನ್ನು ಉಜ್ಜಿಸಿ, ಮತ್ತೆ ಬೆಸೆಯಲು ಹೇಳಿ, ಆರುವತನಕ ಕಿಂಡಿಯ ಪಕ್ಕದಲ್ಲೇ ಬೀಡಿ ಸೇದುತ್ತ ಕೂತರು. ಮ್ಯಾನೇಜರ್ ಕೂಗಾಡುತ್ತಲೇ ಇದ್ದರು. ಇನ್ನೊಮ್ಮೆ ಒಳಗೆ ಹೋಗಿ ನೋಡಿಬಂದು ಸೈನ್ ಹಾಕಿದರು.

"ತೂತಿತ್ತು ಅಂತ ಬರೆದ್ರಾ ಅಣ್ಣ?"

"ಈಗ ಇಲ್ವಲ್ಲ, ಏನಂತ ಬರೀಲಿ?"

ನನ್ನ ಕೆಲಸ ಖಾಯಮಾಯಿತು.

ಎಂಟು ವರ್ಷದ ಮೇಲೆ ಒಂದು ಮಧ್ಯಾಹ್ನ ಯಲ್ಲಪ್ಪನವರು ಊಟ ಮುಗಿಸಿ ಎದ್ದವರು ಕ್ಯಾಂಟೀನಿನಲ್ಲೇ ಕುಸಿದರು. ಆಸ್ಪತ್ರೆ ಮುಟ್ಟಲಿಲ್ಲ.

ಆರೇಳು ತಿಂಗಳಾದ ಮೇಲೆ ಚಂದಾಪುರದ ಅವರ ಮನೆಗೆ ಹೋಗಿದ್ದೆ. ಅವರ ಹೆಂಡತಿ ಟಾರ್ಚು ತಂದುಕೊಟ್ಟರು. "ನಿಮ್ತಾವೇ ಇರ್ಲಿ ಅಣ್ಣ. ನಮ್ಗೆ ಅತ್ಸೋಕೆ ಬರಾಕಿಲ್ಲ."

ಮುಚ್ಚಳ ತಿರುಗಲಿಲ್ಲ. ಮನೆಗೆ ತಂದು ಇಕ್ಕಳ ಹಾಕಿ ಬಿಚ್ಚಿದೆ. ಒಳಗೆಲ್ಲ ಬಿಳಿ ಉಪ್ಪು. ಎರಡು ಸೆಲ್ಲೂ ಉಬ್ಬಿ ತಗಡಿಗೆ ಕಚ್ಚಿಕೊಂಡಿದ್ದವು. ಅವರು ಕುಸಿದ ದಿನ ಸಂಜೆ ಸೈರನ್ ಕೂಗಿದಾಗ ತೆಗೆಯಲು ಅವರಿರಲಿಲ್ಲ. ತೆಗೆಯಬೇಕೆಂದು ನಮಗ್ಯಾರಿಗೂ ಹೊಳೆದಿರಲಿಲ್ಲ.