ಕುಡಿಗೆ ದಾರಿ ಹೇಳುವವರು

ಬೂಷ್ಟಿನ ಎಳೆ ಬೆಳೆಯುವುದು ತುದಿಯಲ್ಲಿ ಮಾತ್ರ ಎಂದು ನಾನು ಹೇಳಿದಾಗ ಆಯಿ ನಗಲಿಲ್ಲ. ಆಯಿ ಅಂದರೆ ನನ್ನ ಅಜ್ಜಿ. ನನಗೆ ಮಾತು ಕಲಿಸಿದಾಕೆ.

"ಹೀರಿ ಬಳ್ಳಿ ಇದ್ದಾಂಗ ಅನ್ನು. ಆದ್ರ ಆ ಕುಡಿಗೆ ಹಿಂಗ ಹೋಗು ಅಂತ ಯಾರ ಹೇಳ್ತಾರೋ ತಮ್ಮಾ?"

ಅದನ್ನೇ ಹುಡುಕುತ್ತ ಕಾಲೇಜಿನ ಪ್ರಯೋಗಶಾಲೆಯಲ್ಲಿ ಮೂರು ವರ್ಷ ಕಣ್ಣು ಸವೆಸಿದ್ದೆ. ಕೊನೆಗೆ ಒಂದೇ ಒಂದು ತಳಿ ಸಿಕ್ಕಿತ್ತು. ತಂಪಿನಲ್ಲಿ ಅದರ ಎಳೆ ನೆಟ್ಟಗೆ ಸಾಗುತ್ತಿತ್ತು. ತುಸು ಕಾವಿಗೇ ದಿಕ್ಕು ಮರೆತು ಗುಂಡಗೆ ಉಬ್ಬುತ್ತಿತ್ತು. ಅದರಲ್ಲಿ ಕೆಟ್ಟುಹೋಗಿರುವ ಜೀನ್ ಯಾವುದೋ, ದಾರಿ ಹೇಳುವುದು ಅದೇ. ಈ ತಳಿ ಬೀಜಕಣ ಬಿಡುತ್ತಿರಲಿಲ್ಲ. ಹಾಗಾಗಿ ಒಣಗಿಸಿ ಕಾದಿಡುವಂತಿಲ್ಲ. ಎಳೆಯನ್ನೇ ನಳಿಕೆಯಿಂದ ನಳಿಕೆಗೆ ದಾಟಿಸಿ ಜೀವ ಉಳಿಸಬೇಕು.

ಅರವತ್ತರ ದಶಕ ಮುಗಿಯುತ್ತಿದ್ದ ಬೇಸಿಗೆ. ಕಾಲೇಜಿನ ತಂಪುಪೆಟ್ಟಿಗೆ ಕೆಟ್ಟಿತು. ಆ ತಳಿಯಿದ್ದ ಹನ್ನೆರಡೂ ಗಾಜಿನ ನಳಿಕೆಗಳನ್ನು ಹಸಿ ಬಟ್ಟೆಯಲ್ಲಿ ಸುತ್ತಿಕೊಂಡು ನಮ್ಮೂರು ಉಮದಿಯ ಬಸ್ಸು ಹತ್ತಿದೆ. ನಮ್ಮ ಮನೆಯಲ್ಲಿ ತಂಪು ಜಾಗ ಒಂದೇ, ನೀರಿನ ಹರವಿಗಳ ಕೆಳಗಿನ ಹಸಿ ಉಸುಕು. ಅಲ್ಲಿ ಹುಗಿದಿಟ್ಟೆ.

ಐದನೆಯ ದಿನ ಬೆಳುಂಕಿಯ ಸೋದರತ್ತೆಯ ಮನೆಗೆ ಹೋಗಿ ಮಧ್ಯಾಹ್ನ ತಿರುಗಿ ಬಂದರೆ ಉಸುಕಿನಲ್ಲಿ ಬರೀ ಕುಳಿಗಳು.

"ಕುಡಿಯೂ ನೀರಿನ ಮಗ್ಗಲಕ ಬೂಷ್ಟ ಇಡ್ತಾರೇನೋ ಹುಚ್ಚಪ್ಪ? ಇಷ್ಟ ಸಾಲಿ ಕಲ್ತು ಇದ ಕಲ್ತಿ?" ಎಂದಳು ಆಯಿ. "ಮಾಳಗಿ ಮ್ಯಾಲ ಸಂಡಿಗಿ ಜೋಡಿ ಬಿಸಲಿಗೆ ಹಾಕೀನಿ. ಎಲ್ಲಾ ಗರಿಗರಿ ಆಗ್ಯಾವ, ಹೋಗಿ ನೋಡು."

ನಮ್ಮಲ್ಲಿ ಬೂಷ್ಟು ಹಿಡಿದದ್ದೆಲ್ಲ ಮಾಳಿಗೆ ಹತ್ತುತ್ತದೆ: ಬೇಳೆ, ಹಪ್ಪಳ, ಕೌದಿ. ಚಿಕ್ಕಂದಿನಲ್ಲಿ ನಾನೇ ಎಷ್ಟೋ ಸಲ ಹೊತ್ತು ಹಾಕಿದ್ದೆ. ಆದರೂ ಆಯಿಗೆ ಎಳೆಯ ಕಥೆಯನ್ನೆಲ್ಲ ಹೇಳಿದವನು, ಮುಟ್ಟಬೇಡ ಅನ್ನುವ ಒಂದು ಮಾತು ಹೇಳಿರಲಿಲ್ಲ.

ಕಂಬಳಿಯ ಮೇಲೆ ಹನ್ನೆರಡೂ ಸಾಲಾಗಿ ಮಲಗಿದ್ದವು. ಗಾಜು ಚುರ್ರೆಂದು ಕೈ ಸುಟ್ಟಿತು. ಒಳಗಿನದು ಒಣಗಿ ಚಕ್ಕೆಯಾಗಿತ್ತು. ನಳಿಕೆಗಳ ಬಾಯಿಗೆ ತುರುಕಿದ್ದ ಅರಳೆಯನ್ನು ಆಯಿ ಬಿಚ್ಚಿ ದೀಪಕ್ಕೆ ಬತ್ತಿ ಹೊಸೆದಿದ್ದಳು.

ಚಕ್ಕೆಗಳನ್ನು ಕಾಲೇಜಿಗೆ ಒಯ್ದು ಹೊಸ ನಳಿಕೆಗಳಲ್ಲಿ ಹಾಕಿ ತಿಂಗಳು ಕಾದೆ. ಒಂದೂ ಕುಡಿ ಒಡೆಯಲಿಲ್ಲ. ಮತ್ತೆರಡು ವರ್ಷ ಹುಡುಕಿದೆ; ಅಂಥದ್ದು ಸಿಗಲಿಲ್ಲ. ತೋರಿಸಲು ತಳಿಯೇ ಇಲ್ಲದ ಪ್ರಬಂಧವನ್ನು ಗುರುಗಳು ಓದಿ ತಿರುಗಿ ನನ್ನ ಕೈಗಿಟ್ಟರು. ಊರ ಕಡೆ ಬಂದು ಸಾಲೆಯ ಮಾಸ್ತರನಾದೆ.

ಆಯಿಗೆ ನಿಜ ಹೇಳಲಿಲ್ಲ. ದೀಪ ಹಚ್ಚುವಾಗೆಲ್ಲ ಕೇಳುತ್ತಿದ್ದಳು, "ಏನೋ, ಕುಡಿಗೆ ದಾರಿ ಹೇಳಾಂವ ಸಿಕ್ಕನೇನು?"

"ಹುಡಕಾಕತ್ತೀನಿ ಆಯಿ," ಅನ್ನುತ್ತಿದ್ದೆ. ಹುಡುಕುವುದು ಬಿಟ್ಟು ಏಳು ವರ್ಷವಾದ ಮೇಲೂ, ಆಕೆಯ ಕಡೆಯ ಬೇಸಿಗೆಯಲ್ಲೂ, ಅದನ್ನೇ ಅಂದೆ.