ನನ್ನ ಹೆಸರು ದಪ್ಪ ಮಾಡ್ರಿ, ಸರ

“ಸರ, ಇದ್ರಾಗ ನನ್ನ ಹೆಸರು ದಪ್ಪ ಮಾಡ್ರಿ. ನಮ್ಮ ಮನ್ಯಾವ್ರದು ಸಣ್ಣದು ಮಾಡ್ರಿ.”

ಕಳೆದ ಶನಿವಾರ ಬೆಳಿಗ್ಗೆ ಹೀಗೆ ಹೇಳಿ ನನ್ನ ಮುಂದೆ ಮೊಬೈಲ್ ಹಿಡಿದವರು ಆನೆಗೊಂದಿಯ ಹುಲಿಗೆಮ್ಮ. ಬಾಳೆನಾರಿನ ಚೀಲ ಹೆಣೆಯುವುದರಲ್ಲಿ ಪಳಗಿದ ಕೈ. ಬೈಕಿನಲ್ಲಿ ಗಂಗಾವತಿಯ ನಮ್ಮ ಮನೆಗೆ ಅವರನ್ನು ಕರೆತಂದ ಗಂಡ ಮಲ್ಲಪ್ಪ ಪಕ್ಕದಲ್ಲೇ ಕೂತು ಚಹಾ ಕುಡಿಯುತ್ತಿದ್ದರು.

ಮೊಬೈಲಿನಲ್ಲಿದ್ದದ್ದು ಒಂದು ಪಿಡಿಎಫ್. ಹುಬ್ಬಳ್ಳಿಯ ಮೇಳದಲ್ಲಿ ಚೀಲಗಳಿಗೆ ಕಟ್ಟುವ ಕಾರ್ಡು. ‘ತಯಾರಿಸಿದವರು’ ಅಂತ ಇದೆ. ಕೆಳಗೆ ಇರುವೆ ಗಾತ್ರದಲ್ಲಿ ‘ಹುಲಿಗೆಮ್ಮ’. ಅದರ ಕೆಳಗೆ ಬೋಲ್ಡ್ ಅಕ್ಷರದಲ್ಲಿ, ಇಷ್ಟು ದೊಡ್ಡದಾಗಿ, ‘ಗಂಡ ಮಲ್ಲಪ್ಪ’! ಕಾರ್ಡು ಮಾಡಿದವರು ಫೋನ್ ಎತ್ತುತ್ತಿಲ್ಲ. ನಾಳೆಯೇ ಮೇಳ.

“ಬಂದ ಮಂದಿ ಚೀಲ ಇವರು ಹೆಣದಾರ ಅಂತ ತಿಳಕೊಂತಾರ್ರಿ. ಇವರು ಒಂದ ಎಳಿ ಮುಟ್ಟಿಲ್ಲ!”

ಐದು ನಿಮಿಷದ ಕೆಲಸ ಅಂದೆ, ಲ್ಯಾಪ್‌ಟಾಪ್ ತೆರೆದೆ. (ಇಂಥ ಮಾತಿನಿಂದಲೇ ಮನೆಯಲ್ಲಿ ನನಗೆ ಮರ್ಯಾದೆ ಕಮ್ಮಿ.)

ಪಿಡಿಎಫ್ ಎಂಥ ಹಟಮಾರಿ ಗೊತ್ತಾ? ನೋಡಬಹುದು, ಕಳಿಸಬಹುದು, ಮುಟ್ಟುವಂತಿಲ್ಲ. ಕನ್ನಡದ ಪಿಡಿಎಫ್ ಆದರಂತೂ ಮುಗಿದೇ ಹೋಯಿತು. ಹೆಸರು ಸೆಲೆಕ್ಟ್ ಮಾಡಿ ಬೋಲ್ಡ್ ಒತ್ತಿದೆ. ಒತ್ತಕ್ಷರ ಉದುರಿ ‘ಹುಲಿಗೆಮ’ ಆಯಿತು. ಫಾಂಟ್ ಬದಲಿಸಿದೆ. ಬರೀ ಚೌಕಗಳು. ವರ್ಡ್ ಫೈಲಿಗೆ ಬದಲಿಸಿ ನೋಡಿದೆ. ‘ಹುಲಿ’ ಒಂದು ಸಾಲಿಗೆ, ‘ಗೆಮ್ಮ’ ಇನ್ನೊಂದು ಸಾಲಿಗೆ. ಮಲ್ಲಪ್ಪನವರ ಹೆಸರು ಮಾತ್ರ ಜಪ್ಪಯ್ಯ ಅಂದರೂ ಅಲುಗಾಡಲಿಲ್ಲ! ಎರಡು ತಾಸು ಕಳೆಯಿತು. ನನಗೆ ಸಿಟ್ಟು ನೆತ್ತಿಗೇರಿತು.

“ನಾವು ಎಳಿ ತಪ್ಪಿದ್ರ ಎಲ್ಲಾ ಬಿಚ್ಚಿ ಮತ್ತ ಹೆಣಿತೀವ್ರಿ,” ಅಂದರು ಹುಲಿಗೆಮ್ಮ. “ಇದನ್ನೂ ಮೊದಲಿಂದ ಬರೀರಲ್ಲ.”

ಅಯ್ಯೋ, ಇದು ನನಗೆ ಯಾಕೆ ಹೊಳೆಯಲಿಲ್ಲ? ಖಾಲಿ ಹಾಳೆ ತೆರೆದು ಟೈಪ್ ಮಾಡಿದೆ. ಇಪ್ಪತ್ತೇ ನಿಮಿಷ. ‘ಹುಲಿಗೆಮ್ಮ’, ದಪ್ಪಗೆ, ಒತ್ತಕ್ಷರ ಸಮೇತ ಬಂತು. ಕೆಳಗೆ ಗಂಡನ ಹೆಸರು ಸಣ್ಣದಾಗಿ ಹಾಕಲು ಹೊರಟೆ. ಮಲ್ಲಪ್ಪ ತಡೆದರು.

“ನಂದ್ಯಾಕ್ರಿ? ಹೆಣದಾಕಿ ಆಕಿ. ಆ ಜಾಗದಾಗ ಆಕಿ ಫೋನ್ ನಂಬರ್ ಹಾಕ್ರಿ, ಆರ್ಡರ್ ಆದ್ರೂ ಬರ್ತಾವ.”

ಹುಲಿಗೆಮ್ಮ ಗಂಡನ ಮುಖವನ್ನೇ ನೋಡಿದರು. ಆಮೇಲೆ ಸೆರಗು ಬಾಯಿಗಿಟ್ಟು ನಕ್ಕರು. ನಿಜ ಹೇಳುತ್ತೇನೆ, ನನಗೆ ಬಹಳ ಖುಷಿಯಾಯಿತು. ಇಂಥ ಮಾತು ಕೇಳಿ ಎಷ್ಟು ದಿನವಾಗಿತ್ತು!

ಅವರನ್ನು ಕಳಿಸಲು ಗೇಟಿನ ತನಕ ಹೋದೆ. ಅಲ್ಲಿ ನಮ್ಮ ಮನೆಯ ನಾಮಫಲಕ. ನನ್ನ ಹೆಸರು, ಡಿಗ್ರಿ ಸಮೇತ. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತ, ನನ್ನಷ್ಟೇ ದುಡಿದು ಈ ಮನೆ ಕಟ್ಟಿಸಿದ ನನ್ನ ಹೆಂಡತಿಯ ಹೆಸರೇ ಇಲ್ಲ. ಪೇಂಟರ್‌ಗೆ ಹೇಳಿದ್ದೇನೆ, ಈ ವಾರ ಬರುತ್ತಾನೆ.

ಅದೇನು ಪಿಡಿಎಫ್ ಅಲ್ಲವಲ್ಲ, ಇಷ್ಟು ವರ್ಷ ಯಾಕೆ ತಿದ್ದಲಿಲ್ಲ?