ತೊಗರಿಗೆ ಏನೂ ಆಗಲಿಲ್ಲ

ಗೆಳೆಯರೇ, ನಮ್ಮ ಮನೆಯ ಲಾನ್ ಸತ್ತಿತು. ಇವತ್ತು, ಕಸಕ್ಕೆಂದು ತಂದು ಹೊಡೆದಿದ್ದ ಕಳೆನಾಶಕದ ಬಾಟಲಿ ಹಿಡಿದುಕೊಂಡು ಸೇಡಂನ ಗೊಬ್ಬರದಂಗಡಿಗೆ ಜಗಳಕ್ಕೆಂದೇ ಹೋಗಿದ್ದೆ.

"ಹುಲ್ಲು ಉಳಿಬೇಕು, ನಡುವಿನ ಕಸ ಅಷ್ಟೇ ಸಾಯಬೇಕು ಅಂತ ಹೇಳಿದ್ನಲ್ರಿ? ಹುಲ್ಲೆಲ್ಲ ಒಣಗ್ಯಾದ, ಕಸ ಹಸರಗೆ ನಿಂತದ!"

ಅಂಗಡಿಯ ಸಾವಕಾರರು ಗಾಬರಿಯಾದರು. "ತೊಗರಿಗಿ ಏನರ ಆಗ್ಯಾದೇನ್ರಿ?"

"ತೊಗರಿ ಎಲ್ಲೀದ್ರಿ? ಮನಿ ಮುಂದಿನ ಲಾನ್!"

ಅವರಿಗೆ ಹೋದ ಜೀವ ಬಂದಂತಾಯಿತು. "ಮತ್ತೇನ್ ಚಿಂತಿ ಬಿಡ್ರಿ. ಇದು ತೊಗರಿ ಉಳಿಸಿ ಹುಲ್ಲು ಸಾಯಿಸೋ ಎಣ್ಣಿ. ಹುಲ್ಲು ಉಳಸ್ಲಿಕ್ಕ ಯಾರರ ಎಣ್ಣಿ ಕೇಳ್ತಾರೇನ್ರಿ? ನೀವು ತಪ್ಪಿ ಹೇಳಾಕತ್ತೀರಿ ಅಂತ ನಾನೇ ಸರಿ ಮಾಡಿ ಕೊಟ್ಟೆ."

ಗಾಳಿಯಿಲ್ಲದ ಬೆಳಿಗ್ಗೆ ನೋಡಿ, ಕೈಗವಸು ಹಾಕಿ, ಬಾಯಿಗೆ ಬಟ್ಟೆ ಕಟ್ಟಿ, ಮಕ್ಕಳನ್ನು ಒಳಗೆ ಕೂಡಿಸಿ, ಅಳತೆ ತಪ್ಪದಂತೆ ಹೊಡೆದಿದ್ದೆ. ಬಾಟಲಿಯ ಮೇಲಿನ ಎಚ್ಚರಿಕೆಗಳನ್ನೆಲ್ಲ ಓದಿದವನು, ಅದು ಏನನ್ನು ಕೊಲ್ಲುತ್ತದೆ ಎಂಬುದೊಂದನ್ನು ಓದಲಿಲ್ಲ.

ಈ ಊರಿನ ಸಿಮೆಂಟ್ ಕಾರ್ಖಾನೆಗಳ ಧೂಳಿನಲ್ಲಿ, ಬಟ್ಟೆ ಜಾಲಿಸಿದ ನೀರು ಹೊತ್ತು ಹಾಕಿ ಎರಡು ಬೇಸಿಗೆ ಆ ಹುಲ್ಲನ್ನು ಸಾಕಿದವಳು ನನ್ನ ಹೆಂಡತಿ. ಸಂಜೆ ಮನೆಗೆ ಬಂದರೆ ಉಳಿದ ಕಸಕ್ಕೆ ನೀರು ಹಾಕುತ್ತಿದ್ದಳು.

"ಏನ್ ಮಾಡಾಕತ್ತಿ?" ಎಂದೆ.

"ಉಳಿಬೇಕು ಅಂದದ್ದು ಸತ್ತದ. ಇದು ಸಾಯಬೇಕು ಅಂದಿದ್ರಿ, ಹಂಗಾರ ಇದು ಬದುಕ್ತದ" ಎಂದಳು. ನನ್ನ ಕಡೆ ನೋಡಲಿಲ್ಲ.

ಬಾಟಲಿ ಅರ್ಧ ಉಳಿದಿದೆ. ತೊಗರಿ ಹಾಕಿದವರು ಯಾರಾದರೂ ಇದ್ದರೆ ತಿಳಿಸಿ. ಗ್ಯಾರಂಟಿ ಮಾಲು.